ಕರಡಿಕಲ್ ಏರಿನ ಸೈಕಲ್ ಅಂಚು

ಮೂಡಲು ಇನ್ನೂ ಕೆಂಪೇರಿಲ್ಲ. ಚನ್ನಗಿರಿ ಕಡೆಯಿಂದ ಹೊನ್ನಾಳಿಗೆ ಹೋಗುವ ಜಲ್ಲಿ ರಸ್ತೆ ಕಾಡುಗುಡ್ಡ ಹತ್ತಿ ತಿರುಗುವ ಕಡೆ, ಕರಡಿಕಲ್ ಏರಿನ ನೆತ್ತಿಯಲ್ಲಿ, ಒಬ್ಬ ಮನುಷ್ಯ ಮಂಡಿಯೂರಿ ನೆಲ ತಡಕುತ್ತಿದ್ದಾರೆ. ಪಕ್ಕದಲ್ಲಿ ಸಲಿಕೆ, ಮಣ್ಣು ಬಡಿಯುವ ದಿಮ್ಮಸು, ಒಂದು ಹಳೆಯ ಬುಟ್ಟಿ. ಬುಟ್ಟಿಯಲ್ಲಿ ತೆಂಗಿನ ಚಿಪ್ಪಿನ ಚೂರುಗಳು. ಒಂದೊಂದು ಚೂರು ಬೀಳುವಾಗಲೂ ಒಂದೊಂದು ಬೈಗುಳ.

“ಥೂ ಇವರ! ಕೈ ಮುಗೀರಿ, ಬ್ಯಾಡ ಅಂದೋರ್ಯಾರು? ಕಾಯಿ ಇಲ್ಲೇ ಒಡೀಬೇಕಾ? ಇದು ಟೈರಿಗೆ ಚುಚ್ಚಿದ್ರೆ ನಿಮ್ಮಪ್ಪ ಬಂದು ಪಂಚರ್ ಹಾಕ್ತಾನಾ?”

ಇವರು ಜಂಪಣ್ಣ, ಈ ರಸ್ತೆಯ ಗ್ಯಾಂಗ್‌ಮನ್. ಬೈಯುವುದಕ್ಕೆ ಎದುರಿಗೆ ಯಾರಾದರೂ ಇರಬೇಕೆಂದಿಲ್ಲ. ಈ ಬೇಸಿಗೆಯಲ್ಲಿ ಅವರ ದಿನ ಶುರುವಾಗುವುದೇ ಹೀಗೆ, ಸೂರ್ಯನಿಗಿಂತ ಮೊದಲು ಸಿಟ್ಟು ಏರುತ್ತದೆ.

ಜಗಳೂರು ಸೀಮೆಯ ಸೊಕ್ಕೆಯವರು. ಎಪ್ಪತ್ಮೂರರಲ್ಲಿ ಹೆಂಡತಿ ದುರುಗಕ್ಕನ ಜೊತೆ ರಸ್ತೆ ಕೆಲಸಕ್ಕೆ ಬಂದವರು ಇಲ್ಲೇ ನಿಂತರು. ಕುರಿ ಕಾಯುತ್ತಿದ್ದ ಬಯಲಿನಿಂದ ಈ ತೇಗ, ಹೊನ್ನೆ, ಬಿದಿರಿನ ನಡುವೆ ಬಂದು ಮೊದಲ ವರ್ಷ ಉಸಿರು ಕಟ್ಟಿದ ಹಾಗಾಗಿತ್ತಂತೆ. “ಎತ್ಲಾಗೆ ನೋಡಿದ್ರೂ ಮರ! ದೂರದಿಂದ ಯಾರು ಬರ್ತಾವ್ರೆ ಅಂತ ಕಾಣಾಕೇ ಇಲ್ಲ. ಇದೂ ಒಂದು ಊರೇನ್ರಿ?” ಎಂದು ಈಗಲೂ ಗೊಣಗುತ್ತಾರೆ. ಹನ್ನೊಂದು ವರ್ಷವಾಯಿತು, ಬಿಟ್ಟು ಹೋಗಿಲ್ಲ.

ಜಂಪಣ್ಣನವರನ್ನು ಹಿಡಿದು ನಿಲ್ಲಿಸಿರುವುದು ರಸ್ತೆಯಲ್ಲ, ರಸ್ತೆಯ ಅಂಚು. ಗುಡ್ಡದ ಮಗ್ಗುಲಿಗೆ, ಎರಡು ಗೇಣು ಅಗಲ, ಏರಿನ ಬುಡದಿಂದ ನೆತ್ತಿಯವರೆಗೆ ಅವರೇ ಮಾಡಿದ ನುಣ್ಣನೆಯ ದಾರಿ. ಜಲ್ಲಿಯನ್ನು ಸರಿಸಿ, ಗರಸು ಹಾಕಿ, ಮೇಲೆ ಹುತ್ತದ ಮಣ್ಣು ಕಲಸಿ ಬಡಿದದ್ದು. ಮೇಲಿನವರು ಯಾರೂ ಮಾಡು ಎಂದಿರಲಿಲ್ಲ. ಸೂಳೆಕೆರೆಯಿಂದ ಮೀನು ಹೊತ್ತು ಹೊನ್ನಾಳಿಗೆ ಹೋಗುವ ಹನುಮಣ್ಣ ಒಂದು ದಿನ ಸಡಿಲ ಜಲ್ಲಿಯಲ್ಲಿ ಸೈಕಲ್ ಸಮೇತ ಜಾರಿ ಬಿದ್ದು, ಮೀನೆಲ್ಲ ಮಣ್ಣುಪಾಲಾಗಿ, ರಸ್ತೆ ನಡುವೆ ಕೂತು ಅತ್ತುಬಿಟ್ಟರು. ಅದನ್ನು ಜಂಪಣ್ಣನವರಿಂದ ನೋಡಲಾಗಲಿಲ್ಲ.

“ಗಂಡಸು ಅಳಾದು ನೋಡಾಕಾಗಲ್ಲ ಕಣ್ರಿ. ಅದಕ್ಕೇ ಮಾಡ್ದೆ. ಊರಿಗೆ ಉಪಕಾರ ಮಾಡಬ್ಯಾಡ ಅಂತ ನಮ್ಮವ್ವ ಹೇಳ್ತಿದ್ಲು, ಕೇಳಬೇಕಿತ್ತು.”

ಈಗ ಮೀನಿನವರು, ಟಪಾಲಿನವರು, ನ್ಯಾಮತಿ ಸಂತೆಗೆ ಬಟ್ಟೆ ಗಂಟು ಒಯ್ಯುವವರು ಎಲ್ಲರಿಗೂ ಆ ಅಂಚೇ ದಾರಿ. ಹತ್ತುವಾಗ ಇಳಿದು ತಳ್ಳಬೇಕಿಲ್ಲ. ಆಚೆಗೆ ಇಳಿದರೆ ಕಾಡು ಸರಿದು ತುಂಗಭದ್ರೆಯ ಬಯಲು ತೆರೆದುಕೊಳ್ಳುತ್ತದೆ, ಬಿಸಿಲೇರುವ ಮೊದಲೇ ಮೀನು ಹೊನ್ನಾಳಿ ಸೇರುತ್ತದೆ. ತಮಾಷೆಯೆಂದರೆ, ಇಷ್ಟೆಲ್ಲ ಮಾಡಿದ ಜಂಪಣ್ಣನವರಿಗೆ ಸೈಕಲ್ ಹೊಡೆಯಲು ಬರುವುದಿಲ್ಲ. ಒಮ್ಮೆ ಹನುಮಣ್ಣನ ಕ್ಯಾರಿಯರ್ ಮೇಲೆ ಕೂತು ನೆತ್ತಿಯಿಂದ ಹೊಳೆಯವರೆಗೆ ಇಳಿಯಬೇಕು ಎಂಬ ಆಸೆ ಮಾತ್ರ ಇದೆ. “ಮೀನಿನ ಬುಟ್ಟಿ ಇಳಿಸಿ ಇವರನ್ನ ಕೂರಿಸ್ಕೊಂಡ್ರೆ ಹೊನ್ನಾಳಿಯಾಗೆ ಯಾರು ಕೊಳ್ತಾರೆ?” ಎಂದು ದುರುಗಕ್ಕ ನಗುತ್ತಾರೆ.

ನುಣ್ಣಗಿದ್ದರೆ ಗಾಡಿಯವರು ಬಿಡುತ್ತಾರೆಯೇ? ಕಬ್ಬಿಣದ ಪಟ್ಟಿಯ ಗಾಲಿಯೊಂದನ್ನು ಅಂಚಿನ ಮೇಲೇ ಹತ್ತಿಸತೊಡಗಿದರು, ಎತ್ತಿಗೆ ಹಗುರವೆಂದು. ಒಂದು ಭತ್ತದ ಗಾಡಿ ಹತ್ತಿದರೆ ಒಂದು ವಾರದ ಕೆಲಸ ಹಾಳು. ಜಂಪಣ್ಣ ಕೂಗಾಡಿದರು, ಕೈ ಮುಗಿದರು. ಕೊನೆಗೆ ಮೋರಿಯ ಹತ್ತಿರ ಬಿದ್ದಿದ್ದ ಕಲ್ಲುಗಳನ್ನು ಹೊತ್ತು ತಂದು ಅಂಚಿನುದ್ದಕ್ಕೂ ನೆಟ್ಟು, ಕತ್ತಲಲ್ಲಿ ಕಾಣಲೆಂದು ಸುಣ್ಣ ಬಳಿದರು. ನೆತ್ತಿಯ ತಿರುವಿಗೆ ಎಲ್ಲಕ್ಕಿಂತ ದೊಡ್ಡ ಕಲ್ಲು.

ಎಡವಟ್ಟಾದದ್ದು ಅಲ್ಲೇ. ತಿಪ್ಪೇಶಪ್ಪ ಎಂಬುವರ ಗಾಡಿಯ ಅಚ್ಚು ಒಂದು ಸಂಜೆ ಆ ಕಲ್ಲಿನ ಮುಂದೆಯೇ ಮುರಿಯಿತು. ಗಾಡಿ ಕಣಿವೆಗೆ ಉರುಳಲಿಲ್ಲ, ಎತ್ತುಗಳಿಗೆ ಗೀರು ಕೂಡ ಆಗಲಿಲ್ಲ. ತಿಪ್ಪೇಶಪ್ಪನವರು ತಿರುಗಿ ನೋಡಿದರೆ ಬೆಳ್ಳಗೆ ಒಂದು ಕಲ್ಲು! ಮರುದಿನ ಬಂದು ಕುಂಕುಮ ಹಚ್ಚಿ ಕಾಯಿ ಒಡೆದರು. ಆಮೇಲೆ ಕೇಳಬೇಕೆ? ತಿಂಗಳೊಳಗೆ ಕಲ್ಲು ಏರಮ್ಮನಾಯಿತು. ಗಾಡಿಯನ್ನು ದೂರ ಇಡಲು ನೆಟ್ಟ ಕಲ್ಲಿಗೆ ಕಾಯಿ ಒಡೆಯಲು ಗಾಡಿಗಳು ಅಂಚಿನ ಮೇಲೇ ಬಂದು ನಿಲ್ಲತೊಡಗಿದವು. ಚಿಪ್ಪಿನ ಚೂರು ಸೈಕಲ್ಲಿನವರ ಟೈರಿಗೆ.

“ಇದು ನಾನು ಮೋರಿಯಿಂದ ಎತ್ತಿದ ಕಲ್ಲು ಅಂದೆ. ‘ಹೌದಪ್ಪಾ, ಅಮ್ಮ ನಿನ್ನ ಕೈಲೇ ಎತ್ತಿಸ್ಕೊಂಡು ಬಂದವ್ಳೆ’ ಅಂದ್ರು! ನಾನೇ ಸುಣ್ಣ ಬಳ್ದೆ ಅಂದೆ. ‘ಪುಣ್ಯವಂತ’ ಅಂದ್ರು! ಏನು ಮಾಡ್ತೀರಿ ಇಂಥೋರ್ನ ಕಟ್ಕೊಂಡು?”

ಸಿಟ್ಟಿನಲ್ಲಿ ಒಂದು ಬೆಳಿಗ್ಗೆ ಹಾರೆ ಹಿಡಿದು ಕೀಳಲು ಹೋದರು. ಗಾಡಿಯವರು ಕೈ ಹಿಡಿದು ತಡೆದದ್ದಲ್ಲದೆ, ತಪ್ಪುಕಾಯಿ ಒಡೆಯಬೇಕೆಂದು ಪಟ್ಟು ಹಿಡಿದರು. ಜಂಪಣ್ಣ ತಾವೇ ನೆಟ್ಟ ಕಲ್ಲಿಗೆ ತಾವೇ ತಪ್ಪಾಯಿತೆಂದು ಕಾಯಿ ಒಡೆದು, ತಾವೇ ಚೂರು ಆರಿಸಿದರು. ಮೇಸ್ತ್ರಿಗೆ ದೂರು ಕೊಟ್ಟರೆ, “ನೀನು ನೆಟ್ಟಿದ್ದು, ನೀನೇ ನೋಡ್ಕ” ಎಂದು ಅವನು ಕೈ ತೊಳೆದುಕೊಂಡ.

ಅಷ್ಟರಲ್ಲಿ ತಿರುವಿನ ಅಂಚು ಗಾಲಿಗೆ ಸಿಕ್ಕಿ ಕಾಲುವೆಯಂತಾಗಿತ್ತು. ಮುಂಗಾರು ಹತ್ತಿರ. ನೆತ್ತಿಯ ನೀರು ಆ ಗುಂಡಿಗೆ ಇಳಿದರೆ ಬುಡದವರೆಗೂ ಅಂಚನ್ನು ಕೊಚ್ಚಿಕೊಂಡು ಹೋಗುತ್ತದೆ. ಇಷ್ಟು ವರ್ಷದ ಕೆಲಸ ಒಂದು ಮಳೆಗೆ ಹೋಗುತ್ತದಲ್ಲ ಎಂದು ಜಂಪಣ್ಣನವರಿಗೆ ಅನ್ನ ಸೇರದಾಯಿತು. ಗುಂಡಿ ಮುಚ್ಚಿದರೆ ಸಾಲದು, ಗಾಡಿ ಅಲ್ಲಿಗೆ ಬರುವುದು ನಿಲ್ಲಬೇಕಿತ್ತು.

ಹಾವೂ ಸಾಯದೆ ಕೋಲೂ ಮುರಿಯದ ದಾರಿ ಹೇಳಿದವರು ದುರುಗಕ್ಕ. “ನೀವು ಕೀಳಾಕೆ ಹೋದ್ರಿ, ಅದಕ್ಕೆ ಜಗಳ. ಅಮ್ಮನ್ನೇ ಕೇಳ್ರಿ. ನಮ್ಮ ಸೊಕ್ಕೆಯಾಗೆ ಹೂವು ಕೇಳ್ತಿರಲಿಲ್ವಾ?”

ತಿಪ್ಪೇಶಪ್ಪನವರೂ ಒಪ್ಪಿದರು. ಕಲ್ಲಿನ ಎರಡೂ ಹೆಗಲಿಗೆ ಒದ್ದೆ ಕಣಗಿಲೆ ಹೂವು ಅಂಟಿಸಿದರು. ರಸ್ತೆಯ ಆಚೆ, ಹೊನ್ನೆ ಮರದ ಕೆಳಗೆ ಹೋಗಿ ಕೂರಲು ಅಮ್ಮನಿಗೆ ಒಪ್ಪಿಗೆಯಿದ್ದರೆ ಬಲದ ಹೂವು ಬೀಳಲಿ, ಇಲ್ಲವಾದರೆ ಎಡದ್ದು. ಎಡದ್ದು ಬಿದ್ದರೆ ಇನ್ನು ಮಾತಾಡುವಂತಿಲ್ಲ ಎಂದು ಎಲ್ಲರ ಎದುರು ಮಾತಾಯಿತು. ಹೂವು ಬೀಳಲೇ ಇಲ್ಲ. ಬಿಸಿಲೇರಿತು. ಹನುಮಣ್ಣ ಮೀನಿನ ಬುಟ್ಟಿಗೆ ನೀರು ಚಿಮುಕಿಸುತ್ತಾ, “ಬೇಗ ಹೇಳವ್ವಾ, ವಾಸ್ನೆ ಬರಾಕೆ ಶುರುವಾಗ್ತೈತೆ” ಎಂದು ಗೋಗರೆದರು. ಜಂಪಣ್ಣ ಮಾತ್ರ ಅವತ್ತು ಯಾರನ್ನೂ ಬೈಯಲಿಲ್ಲ. ಹಾರೆ ಊರಿಕೊಂಡು ಹೂವನ್ನೇ ನೋಡುತ್ತಿದ್ದರು. ಎಡದ ಹೂವು ಒಮ್ಮೆ ಅಲುಗಿದಾಗ ಅವರ ಬಾಯಿಂದ “ಬ್ಯಾಡ ತಾಯಿ” ಎಂದು ಬಂದದ್ದನ್ನು ದುರುಗಕ್ಕ ಕೇಳಿಸಿಕೊಂಡಿದ್ದಾರೆ. ಕೊನೆಗೆ ಬಿದ್ದದ್ದು ಬಲದ್ದು.

ಅವತ್ತೇ ಏರಮ್ಮ ಹೊನ್ನೆ ಮರದಡಿ ಕೂತಳು. ಗಾಡಿಗಳೂ ಆಚೆ ಸರಿದವು. ಜಂಪಣ್ಣ ಮೂರು ದಿನ ಹಗಲೆಲ್ಲ ಗುಂಡಿ ತುಂಬಿ, ಹುತ್ತದ ಮಣ್ಣು ಹಾಕಿ ಬಡಿದರು. ಅದು ಕಲ್ಲೋ ಅಮ್ಮನೋ ಎಂದು ಕೇಳಿದರೆ ಈಗಲೂ ರೇಗುತ್ತಾರೆ. “ಕಲ್ಲೇ ಕಣ್ರಿ! ಎತ್ತಿದೋನು ನಾನು, ಇನ್ನೂ ಸೊಂಟ ಹಿಡ್ಕಂಡೈತೆ. ನನಗೆ ಹೇಳಾಕೆ ಬರ್ತೀರಾ?”

ಮುಂಗಾರಿನ ಮೊದಲ ದೊಡ್ಡ ಮಳೆ ರಾತ್ರಿಯೆಲ್ಲ ಹೊಯ್ದು ನಿಂತಿದೆ. ಬೆಳಗಾಗುವುದರೊಳಗೆ ಜಂಪಣ್ಣ ನೆತ್ತಿಗೆ ಬಂದಿದ್ದಾರೆ. ನೀರು ಚರಂಡಿ ಹಿಡಿದು ಹೋಗಿದೆ. ಅಂಚು ಹಾಗೇ ಇದೆ, ಹೆಬ್ಬೆರಳು ಒತ್ತಿದರೂ ಇಳಿಯುವುದಿಲ್ಲ. ಅವರು ಏರಿನ ಬುಡದವರೆಗೂ ನೋಡುತ್ತಾರೆ. ಆಮೇಲೆ ಅತ್ತಿತ್ತ ಕಣ್ಣು ಹಾಯಿಸಿ, ಟವೆಲಿನೊಳಗಿನಿಂದ ಒಂದು ತೆಂಗಿನಕಾಯಿ ತೆಗೆದು, ಹೊನ್ನೆ ಮರದ ಹತ್ತಿರದ ಬಂಡೆಗೆ ಒಡೆಯುತ್ತಾರೆ. ಕೈ ಯಾಕೋ ಜೋರಾಯಿತು. ಚೂರುಗಳು ರಸ್ತೆ ದಾಟಿ ಅಂಚಿನವರೆಗೂ ಸಿಡಿಯುತ್ತವೆ.

ಕೆಳಗಿನಿಂದ ಸೈಕಲ್ ಗಂಟೆ. ಹನುಮಣ್ಣ ಏರಿ ಬರುವಷ್ಟರಲ್ಲಿ ಜಂಪಣ್ಣ ಮಂಡಿಯೂರಿ ಅಂಚಿನ ಮೇಲೆ ತಡಕುತ್ತಿದ್ದಾರೆ.

“ಯಾಕಣ್ಣಾ, ಮತ್ತೆ ಚೂರಾ? ಇಷ್ಟೊತ್ತಿಗೇ ಯಾರು ಕಾಯಿ ಒಡೆದ್ರು?”

ಜಂಪಣ್ಣ ತಲೆ ಎತ್ತುವುದಿಲ್ಲ.

“ಯಾವನೋ ಬುದ್ಧಿ ಇಲ್ದೋನು! ಇಳಿದು ತಳ್ಕೊಂಡು ಹೋಗು, ಒಂದು ಚೂರು ಇನ್ನೂ ಸಿಕ್ಕಿಲ್ಲ.”