ಅರ್ಧ ಮಾತು ನುಂಗೋ ಮೈಕು

ನನ್ನ ಹಳೇ ಹೆಡ್‌ಸೆಟ್ಟಿನ ಮೈಕು ಅರ್ಧ ಮಾತು ನುಂಗತಿತ್ತು. ಗೇಮಿನ್ಯಾಗ ನಾನು "ಬರಬ್ಯಾಡ್ರಲೇ" ಅಂದ್ರ ದೋಸ್ತರಿಗೆ "ಬರ್ರಲೇ" ಅಂತ ಕೇಳಿ, ಎಲ್ಲಾರೂ ಓಡಿ ಬಂದು ಸತ್ರು. "ಹೊಸದು ತರದಿದ್ರ ನೀನು ಟೀಮಿನ್ಯಾಗಿಲ್ಲ" ಅಂದ ನಮ್ಮ ಲೀಡರ್ ಕೊಟ್ರ.

ಹರಪನಹಳ್ಳಿ ಅಂಗಡ್ಯಾಗ ಹಟ ಹಿಡಿದು ಕುಂತೆ. ಒಂದೊಂದೇ ಹೆಡ್‌ಸೆಟ್ ಹಾಕ್ಕೊಂಡು, ಕೊಟ್ರಗ ಫೋನ್ ಹಚ್ಚಿ "ಬರಬ್ಯಾಡ!" ಅಂತ ಒದರಿದೆ. ಮಿಣಮಿಣ ಲೈಟಿಂದು ಕಿವಿ ಹಿಂಡಿತು, ಕೊಟ್ರ "ಎಲ್ಲಿಗೆ ಬರ್ಲಿ?" ಅಂದ. ಮೆತ್ತನೆ ದಿಂಬಿನ ಕರೇದು ಹಾಕ್ಕೊಂಡು ಒದರಿದ್ರ, "ಬರಾಂಗಿಲ್ಲ ಬಿಡಲೇ!" ಅಂದ. ಗೆದ್ದೆ!

ಅಷ್ಟರಾಗ ಬಾಗಿಲಿಗೆ ಬಂದಿದ್ದ ಇಬ್ಬರು ಗಿರಾಕಿ ನನ್ನ ಕೂಗಿಗೆ ವಾಪಸ್ ಹೋಗಿದ್ರು. ಅಂಗಡಿ ಸಾಹುಕಾರ್ರು ಡಬ್ಬಿ ಕೈಗಿಟ್ಟು, "ತಮ್ಮಾ, ಇನ್ನ ನೀನೂ ಬರಬ್ಯಾಡ" ಅಂದ್ರು. ಹೆಡ್‌ಸೆಟ್ ಇನ್ನೂ ಕಿವಿಮ್ಯಾಲೇ ಇತ್ತು ನೋಡ್ರಿ, ಬೈಗಳೂ ಮೆತ್ತಗ ಕೇಳಿಸ್ತು.