ರೊಟ್ಟಿ ಬಂದ ಬುಟ್ಟಿ

ಎದುರು ಪಾರ್ಟಿಯ ರೊಟ್ಟಿ ಇಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಳೆದ ಸೋಮವಾರ ಮಸ್ಕಿಯಲ್ಲಿ ಗೊತ್ತಾಯಿತು.

ವಿಷಯ ನಿಮಗೆ ತಿಳಿದದ್ದೇ. ಹೊಸ ಡ್ಯಾಮ್ ಬೇಕು ಎನ್ನುವವರದು ಒಂದು ಧರಣಿ, ಬೇಡ ಎನ್ನುವವರದು ಇನ್ನೊಂದು. ಲಿಂಗಸುಗೂರು ರಸ್ತೆಯ ಈ ಬದಿ ನಾವು, ಆ ಬದಿ ಅವರು. ಜವಳಗೇರಾದ ಹತ್ತಿರ, ಕಾಲುವೆಯ ಕೊನೆಯಲ್ಲಿ ನನ್ನದೂ ಒಂದಿಷ್ಟು ಗದ್ದೆ ಇದೆ. ಎರಡನೇ ಬೆಳೆಗೆ ನಮ್ಮ ಸರದಿ ಬರುವ ಹೊತ್ತಿಗೆ ನೀರೇ ಮುಗಿದಿರುತ್ತದೆ. ಹಾಗಾಗಿ ನಾನು 'ಬೇಕು' ಪೈಕಿ.

ಎರಡೂ ಪೆಂಡಾಲು ಹಾಕಿದವನು ಒಬ್ಬನೇ, ಬಟ್ಟೆಯೂ ಒಂದೇ ಬಣ್ಣ. (ಅವನ ನಿಲುವು ಕೇಳಬೇಡಿ. ಒಟ್ಟಿನಲ್ಲಿ ಧರಣಿ ಮುಂದುವರಿಯಲಿ ಎನ್ನುವ ಪಕ್ಷ ಅವನದು.)

ಮಧ್ಯಾಹ್ನ ಒಂದು ಟ್ರ್ಯಾಕ್ಟರ್ ಬಂತು. ನಮ್ಮ ಸೀಮೆಯಲ್ಲಿ ಧರಣಿ ಕೂತವರಿಗೆ ಮನೆಮನೆಯಿಂದ ರೊಟ್ಟಿ ಕೂಡಿಸಿ ಕಳಿಸುವುದು ರೂಢಿ. ಡ್ರೈವರ್ ಪೆಂಡಾಲು ನೋಡಿದ, ಬುಟ್ಟಿಗಳನ್ನು ಇಳಿಸಿ ಹೋದ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಯಾವ ಊರಿನದು ಎಂದು ಕೇಳುವಷ್ಟು ಪುರುಸೊತ್ತು ಹಸಿದವರಿಗೆ ಇರುತ್ತದೆಯೇ?

ಬುಟ್ಟಿ ಖಾಲಿಯಾಗುವ ಹೊತ್ತಿಗೆ ರಸ್ತೆ ದಾಟಿ ಒಬ್ಬ ಹೆಂಗಸು ಬಂದರು. ಹನುಮವ್ವ ಅಂತ, ಡ್ಯಾಮಿನಲ್ಲಿ ಮುಳುಗಲಿರುವ ಊರಿನವರು. ರೊಟ್ಟಿ ಅವರ ಪೆಂಡಾಲಿಗೆ ಹೋಗಬೇಕಾದದ್ದಂತೆ. ನಮ್ಮ ಮುಖಂಡ ಶರಣಪ್ಪನ ಕೈಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಅವರು ರೊಟ್ಟಿ ನೋಡಿದರು, ಅವನು ನೆಲ ನೋಡಿದ.

"ತಿನ್ರಿ ಅಣ್ಣಾರ, ಬಾಯಾಗಿನ ತುತ್ತು ಕಸಗೊಳ್ಳಾಕ ಬಂದಿಲ್ಲ," ಅಂದರು. "ನಿಮಗ ನೀರು ಬ್ಯಾಡ ಅಂತ ನಾ ಅನ್ನಾಂಗಿಲ್ರಿ. ಗುಡಿಸಲದಾಗ ಇದ್ದಾಕಿಗೆ ಈಗ ಸರ್ಕಾರದ ಮನಿ ಬಂದೈತಿ. ಇನ್ನೂ ಸುಣ್ಣ ಹಚ್ಚಿಲ್ಲ. ಅದೂ ಮುಳುಗಿದ್ರ ಎಲ್ಲಿ ಹೋಗ್ಲಿ?"

ಮನೆ ಕೊಟ್ಟದ್ದು ಒಂದು ಇಲಾಖೆ, ಮುಳುಗಿಸಲು ಹೊರಟದ್ದು ಇನ್ನೊಂದು. ಎರಡಕ್ಕೂ ಪರಿಚಯವೇ ಇಲ್ಲವೇನೋ! ನಿಜ ಹೇಳುತ್ತೇನೆ, ನಾನು ಟವೆಲಿನಿಂದ ಕಣ್ಣೊರೆಸಿಕೊಂಡೆ. (ಚಟ್ನಿ ಖಾರ ಎಂದು ಪಕ್ಕದವರಿಗೆ ಹೇಳಿದೆ.)

ಹನುಮವ್ವ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಳ್ಳಲು ಹೋದರು. ಶರಣಪ್ಪ ತಡೆದ. ರೊಟ್ಟಿ ಬಂದ ಬುಟ್ಟಿಯನ್ನು ನಮ್ಮಲ್ಲಿ ಬರಿದಾಗಿ ಕಳಿಸುವುದಿಲ್ಲ, ಒಂದು ಹಿಡಿ ಅಕ್ಕಿಯನ್ನಾದರೂ ಹಾಕುತ್ತೇವೆ. ಪೆಂಡಾಲಿನಲ್ಲಿ ಏನಿತ್ತು? ಘೋಷಣೆ ಬಿಟ್ಟರೆ ಏನೂ ಇರಲಿಲ್ಲ. ಅವನು ಮೈಕ್ ಹಿಡಿದ.

"ಡ್ಯಾಮ್ ಆಗ್ಬೇಕು. ಆದ್ರ ಮೊದಲ ಈ ತಂಗಿಗೆ ಎತ್ತರದಾಗ ಮನಿ ಕಟ್ಟಿ ಕೊಡ್ರಿ, ಆಮ್ಯಾಲ ನೀರು ನಿಲ್ಲಿಸ್ರಿ."

ಆ ಬದಿಯಿಂದಲೂ ಚಪ್ಪಾಳೆ ಬಿತ್ತು.

ಮರುದಿನ ಸಿಂಧನೂರಿನಿಂದ ಸೋನಾಮಸೂರಿ ಅನ್ನ, ಸಾರು ಮಾಡಿಸಿಕೊಂಡು ಹೋದೆವು, ಈ ಸಲ ಬೇಕೆಂದೇ ಆ ಪೆಂಡಾಲಿಗೆ. ಡ್ಯಾಮಿನ ಜಗಳ ಇನ್ನೂ ಇದೆ, ಊಟ ಮಾತ್ರ ಒಟ್ಟಿಗೆ. ಮನೆಯ ಬೇಡಿಕೆಯನ್ನೂ ಎರಡೂ ಕಡೆಯವರು ಸೇರಿಯೇ ತಹಶೀಲ್ದಾರ್ ಕಚೇರಿಗೆ ಕೊಟ್ಟು ಬಂದೆವು. ಬಹಳ ದಿನಗಳ ಮೇಲೆ ಮನಸ್ಸಿಗೆ ಹಿತವಾಯಿತು.

ಮುಳುಗಲಿರುವ ಊರುಗಳು ಹೊಲ, ಮನೆ, ಗುಡಿ ಎಲ್ಲವನ್ನೂ ತುಂಬಿಕೊಡಲಿರುವ ಬುಟ್ಟಿಯನ್ನು ಬರಿದಾಗಿ ವಾಪಸ್ ಕಳಿಸಬಾರದು ಎಂದು ಸರ್ಕಾರಕ್ಕೆ ಯಾರು ಹೇಳಿಕೊಡುತ್ತಾರೆ?