ಕೃಷ್ಣನ ಮುಖ ಯಾರ ಕೈಗೆ

ಬೈಲಹೊಂಗಲದ ಸಾವಂತ್ರವ್ವ ಮದುವೆಯಾಗಿ ಪುಣೆಗೆ ಬಂದ ವರ್ಷದಿಂದ ಗಂಡನ ಕೆಲಸಕ್ಕೆಂದು ಕಣಕ ನಾದುತ್ತಿದ್ದಳು. ಗಂಡ ಸಿದ್ದಲಿಂಗಪ್ಪ ಶ್ರೀಮಂತರ ಹಳೆಯ ವಾಡೆಗಳ ಛಾವಣಿಯ ಚಿತ್ರಗಳಿಗೆ ಹತ್ತಿದ ದೀಪದ ಮಸಿ ತೆಗೆಯುವವನು. ಗೋದಿಹಿಟ್ಟಿನ ಉಂಡೆಯನ್ನು ಚಿತ್ರದ ಮೇಲೆ ಮೆಲ್ಲಗೆ ಒತ್ತಿ ಹೊರಳಿಸಿದರೆ ಮಸಿ ಅದಕ್ಕೆ ಹತ್ತಿಕೊಂಡು ಬರುತ್ತದೆ. ಕಣಕ ಮೆದುವಾದರೆ ಚಿತ್ರಕ್ಕೇ ಅಂಟುತ್ತದೆ, ಗಟ್ಟಿಯಾದರೆ ಬಣ್ಣ ಕೆರೆಯುತ್ತದೆ. ಹನ್ನೆರಡು ವರ್ಷದಲ್ಲಿ ಅವಳ ಹದ ಒಮ್ಮೆಯೂ ತಪ್ಪಿರಲಿಲ್ಲ. ಅದನ್ನು ಯಾರೂ ಮಾತಿನಲ್ಲಿ ಎತ್ತಿರಲಿಲ್ಲ.

ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯ ಚಳಿಗಾಲದಲ್ಲಿ ಕಸಬಾ ಪೇಠೆಯ ಒಂದು ವಾಡೆಯ ಪಡಸಾಲೆ ಕೆಲಸಕ್ಕೆ ಸಿಕ್ಕಿತು. ಯಜಮಾನಿ ನರ್ಮದಾಬಾಯಿ ಬೆಳಗಾವಿಯ ಮಗಳು, ಕನ್ನಡದವರೆಂದು ಕರೆಸಿದ್ದಳು. ಛಾವಣಿಯ ತುಂಬ ಕೃಷ್ಣಲೀಲೆ, ಅದರ ಮೇಲೆ ನೂರು ವರ್ಷದ ಹೊಗೆ. ಈ ಸಲ ಸಾವಂತ್ರವ್ವನೂ ಅಟ್ಟಣಿಗೆ ಹತ್ತಿದಳು. ಜೊತೆಗೆ ನೆಗೆಣ್ಣಿ ಭಾಮಾ, ಸಿದ್ದಲಿಂಗಪ್ಪನ ತಮ್ಮನ ಹೆಂಡತಿ.

ತಿಂಗಳೊಳಗೆ ಭಾಮಾ ಒರೆಸಿದ ಗೋಪಿಯರು ನಿನ್ನೆ ಬರೆದಂತೆ ಬೆಳಗಿದರು. ಸಾವಂತ್ರವ್ವನ ಪಾಲಿನ ಹಸುಗಳು ಇನ್ನೂ ಮಂಕಾಗಿಯೇ ನಿಂತಿದ್ದವು.

“ಕೈ ಅಂದ್ರ ಇದು ನೋಡ್ರಿ,” ಎಂದ ಸಿದ್ದಲಿಂಗಪ್ಪ ನರ್ಮದಾಬಾಯಿಗೆ. “ನಡುವಿನ ಕೃಷ್ಣನ ಮುಖ ಇಕೀನ ಒರಸ್ಲಿ.”

ಮೊದಲ ದಿನವೇ ಸಾವಂತ್ರವ್ವ ಕಣ್ಣಿಟ್ಟಿದ್ದ ಮುಖ ಅದು. ಅಂದು ಊಟಕ್ಕೆ ಕೂತಾಗಲೂ ಅವನದು ಅದೇ ಮಾತು: “ಭಾಮಾನ ಬೆರಳು ಹೂವಿನಂಗ ಅದಾವು.”

“ಹಂಗಾರ ಆ ಹೂವಿನ ಬೆರಳಿಲೇ ರೊಟ್ಟಿ ಬಡಸ್ಕೋರಿ,” ಎಂದು ಸಾವಂತ್ರವ್ವ ಬುಟ್ಟಿ ಎತ್ತಿಟ್ಟಳು.

ಮರುದಿನ ಅವಳು ಕಣಕ ಬಿಟ್ಟು ನೆಗೆಣ್ಣಿಯನ್ನೇ ನೋಡುತ್ತ ಕೂತಳು. ಭಾಮಾ ಗೋಡೆಯ ಕಡೆ ತಿರುಗಿ, ಕಡ್ಡಿಗೆ ಸುತ್ತಿದ ಅರಳೆಯನ್ನು ನಾಲಿಗೆಗೆ ಮುಟ್ಟಿಸಿಕೊಂಡು, ಅದರಿಂದ ಯಶೋದೆಯ ಕೆನ್ನೆ ಒರೆಸಿದಳು. ಕಣಕಕ್ಕೆ ಜಗ್ಗದ ಮಸಿ ಅದಕ್ಕೆ ಬಿಟ್ಟುಬಂತು.

ಎಂಜಲು. ದೇವರ ಚಿತ್ರಕ್ಕೆ.

ಸಾವಂತ್ರವ್ವ ಏಣಿ ಇಳಿದಳು. ಒಂದು ಮಾತು ಸಾಕು, ಭಾಮಾ ಇಂದೇ ಮನೆಗೆ. ಆದರೆ ನಡುವಿನ ಮೆಟ್ಟಿಲಲ್ಲಿ ಕಾಲು ನಿಂತಿತು. ನರ್ಮದಾಬಾಯಿಯ ಮಡಿ ಗೊತ್ತಿದ್ದದ್ದೇ. ಶುದ್ಧಿಯೆಂದು ಛಾವಣಿಗೆಲ್ಲ ಗೋಮೂತ್ರ, ಗಂಗಾಜಲ ಎರಚಿಸಿಯೇ ತೀರುವಳು. ಅದು ಅಂಟು ಕಲಸಿದ ಬಣ್ಣ, ಅಷ್ಟು ನೀರು ಬಿದ್ದರೆ ಇಳಿದುಹೋಗುತ್ತದೆ. ಗೋಪಿಯರೂ ಹೋಗುತ್ತಾರೆ, ತನ್ನ ಹಸುಗಳೂ.

ಕೆಳಗೆ ನರ್ಮದಾಬಾಯಿಯೇ ಕೇಳಿದಳು: “ಭಾಮಾ ಏನ್ ಹಚ್ಚಿ ಒರಸ್ತಾಳವಾ? ಭಾಳ ಸ್ವಚ್ಛ ಆಗ್ಯದ.”

“ನನ್ನ ಕಣಕರೀ, ಬಾಯಾರ.”

ಹೇಳಿದವಳೇ ಮತ್ತೆ ಮೇಲೆ ಹತ್ತಿದಳು. “ಕಂಡೇನಿ,” ಎಂದಳು ಭಾಮಾಳ ಕಿವಿಯಲ್ಲಿ. “ಕೆಳಗ ಬಾಯಿ ಬಿಟ್ಟಿಲ್ಲ. ಕೃಷ್ಣನ ಮುಖ ನನಗ ಬಿಡು. ಕುತ್ತಿಗಿ ಹಿಡದೈತಿ ಅಂತ ನಿಮ್ಮ ಭಾವಗ ನೀನ ಹೇಳು.”

ಭಾಮಾ ಅವಳ ಮುಖವನ್ನೊಮ್ಮೆ ನೋಡಿ ಕಡ್ಡಿ ಕೊಟ್ಟಳು.

ಸಾವಂತ್ರವ್ವ ಅಂಗಾತ ಮಲಗಿ ಹೊಸ ಅರಳೆ ಸುತ್ತಿ ನಾಲಿಗೆಗೆ ಹಚ್ಚಿದಳು. ನಾಲಿಗೆ ಒಣಗಿತ್ತು. ಮತ್ತೆ ಹಚ್ಚಿದಳು. ಅರಳೆ ನೆನೆಯಲಿಲ್ಲ. ಮೂರು ಗೇಣು ಮೇಲೆ ಕೃಷ್ಣ ಮಸಿಯೊಳಗೇ ಇದ್ದ.

“ಹುಣಸಿಕಾಯಿ ನೆನಸ್ಕೊ ಅಕ್ಕಾ,” ಎಂದಳು ಭಾಮಾ ಮೆಲ್ಲಗೆ. “ಉಪ್ಪು ಹಚ್ಚಿದ್ದು. ನಾನೂ ಹಂಗ ಮಾಡ್ತೀನಿ.”

ನೆನೆಸಿಕೊಂಡಳು. ಬಾಯಲ್ಲಿ ನೀರೂರಿತು. ಅರಳೆ ಆಡಿಸಿದಲ್ಲಿ ಒಂದು ಕಣ್ಣಿನ ಬಿಳುಪು ತೆರೆದುಕೊಂಡಿತು. ಇದನ್ನೂ ಇವಳ ಕೈಯಿಂದಲೇ ಕಲಿಯಬೇಕಾಯಿತಲ್ಲ ಎಂದು ಸಾವಂತ್ರವ್ವನ ಹೊಟ್ಟೆ ಮತ್ತಷ್ಟು ಉರಿಯಿತು.